ಸ್ತನ ಉಳೀತು, ಆಮೇಲೆ ಹೇಗೆ ಕಾಣುತ್ತೆ? ಆಪರೇಷನ್‌ಗೆ ಮುಂಚೆ ಕೇಳಬೇಕಾದ ಪ್ರಶ್ನೆ

 

ಸ್ತನ ಕ್ಯಾನ್ಸರ್ ಬಗ್ಗೆ ನಾವು ಮೊದಲಿಗಿಂತ ಜಾಸ್ತಿ ಮಾತಾಡ್ತಿದ್ದೀವಿ. ಗಂಟು ಕಂಡರೆ ತೋರಿಸಿ, ತಡ ಮಾಡಬೇಡಿ ಅಂತ ಎಲ್ಲರೂ ಹೇಳ್ತೀವಿ. ಆದರೆ ಒಂದು ಪ್ರಶ್ನೆ ಮಾತ್ರ ಡಾಕ್ಟರ ಕೋಣೆಯ ಹೊರಗೇ ಉಳಿದುಬಿಡುತ್ತೆ. ಆಪರೇಷನ್ ಆಗಿ, ರೇಡಿಯೇಷನ್ ಮುಗಿದ ಮೇಲೆ ನನ್ನ ಎದೆ ಹೇಗೆ ಕಾಣುತ್ತೆ? ಎಷ್ಟೋ ಹೆಂಗಸರು ಇದನ್ನ ಬಾಯಿ ತನಕ ತಂದು ನುಂಗಿಕೊಳ್ತಾರೆ. 'ಜೀವ ಉಳಿದರೆ ಸಾಕು, ಈ ವಯಸ್ಸಲ್ಲಿ ಚೆಂದ ಯಾಕೆ' ಅನ್ನೋ ಮಾತು ಮನೆಯಲ್ಲಿ ಬರುತ್ತೆ. ಅವರಿಗೂ ಹಾಗೇ ಅನ್ನಿಸಿಬಿಡುತ್ತೆ.

ನೋಡಿ, ಇದು ಬರೀ ಚೆಂದದ ಮಾತಲ್ಲ. ರವಿಕೆ ಒಂದು ಕಡೆ ಸಡಿಲ, ಒಂದು ಕಡೆ ಬಿಗಿ. ಗಟ್ಟಿಯಾದ ಜಾಗದಲ್ಲಿ ನೋವು. ಮುಂದಿನ ಇಪ್ಪತ್ತು, ಮೂವತ್ತು ವರ್ಷ ದಿನಾ ಸ್ನಾನ ಮಾಡುವಾಗ ಕಣ್ಣಿಗೆ ಬೀಳುವ ವಿಷಯ ಇದು. ಚಿಕಿತ್ಸೆಯ ಫಲಿತಾಂಶದಲ್ಲಿ ಇದೂ ಒಂದು ಭಾಗ ಅಂತ ವೈದ್ಯಶಾಸ್ತ್ರವೇ ಒಪ್ಪಿಕೊಂಡು ದಶಕಗಳಾಯ್ತು. 1979ರಲ್ಲೇ ಅಮೆರಿಕದ ಹ್ಯಾರಿಸ್ ಮತ್ತು ಅವರ ಜೊತೆಗಾರರು ಇದಕ್ಕೊಂದು ಅಳತೆ ಮಾಡಿದರು. ಚಿಕಿತ್ಸೆಯಾದ ಸ್ತನವನ್ನು ಇನ್ನೊಂದರ ಜೊತೆ ಹೋಲಿಸಿ ಅತ್ಯುತ್ತಮ, ಉತ್ತಮ, ಸಾಧಾರಣ, ಕಳಪೆ ಅಂತ ನಾಲ್ಕು ದರ್ಜೆ. ಇವತ್ತಿಗೂ ಅದು ಬಳಕೆಯಲ್ಲಿದೆ.

ಮೊದಲು ಜೀವದ ಪ್ರಶ್ನೆ ಮುಗಿಸಿಬಿಡೋಣ. 'ಪೂರ್ತಿ ತೆಗೆಸಿಬಿಟ್ಟರೆ ನೆಮ್ಮದಿ' ಅನ್ನೋ ಭಯ ಬಹಳ ಜನಕ್ಕೆ ಇದೆ. ಇಟಲಿಯ ಮಿಲಾನ್‌ನಲ್ಲಿ ಉಂಬರ್ಟೊ ವೆರೊನೇಸಿ 1973ರಿಂದ 1980ರವರೆಗೆ 701 ಮಹಿಳೆಯರನ್ನು ಎರಡು ಗುಂಪು ಮಾಡಿ ನೋಡಿದರು. ಒಂದು ಗುಂಪಿಗೆ ಪೂರ್ತಿ ಸ್ತನ ತೆಗೆದರು. ಇನ್ನೊಂದಕ್ಕೆ ಗಂಟಿದ್ದ ಭಾಗ ಮಾತ್ರ ತೆಗೆದು ರೇಡಿಯೇಷನ್ ಕೊಟ್ಟರು. ಇಪ್ಪತ್ತು ವರ್ಷದ ಮೇಲೂ ಬದುಕುಳಿದವರ ಪ್ರಮಾಣ ಎರಡೂ ಕಡೆ ಒಂದೇ. ಅಮೆರಿಕದಲ್ಲಿ ಬರ್ನಾರ್ಡ್ ಫಿಶರ್ ನಡೆಸಿದ ಅಧ್ಯಯನವೂ ಅದನ್ನೇ ಹೇಳಿತು, ಜೊತೆಗೆ ಇನ್ನೊಂದು ಮಾತನ್ನೂ ಹೇಳಿತು. ಗಂಟು ಮಾತ್ರ ತೆಗೆದು ರೇಡಿಯೇಷನ್ ಬಿಟ್ಟವರಲ್ಲಿ ಇಪ್ಪತ್ತು ವರ್ಷದಲ್ಲಿ ನೂರಕ್ಕೆ ಸುಮಾರು 39 ಜನಕ್ಕೆ ಅದೇ ಸ್ತನದಲ್ಲಿ ಮತ್ತೆ ಕ್ಯಾನ್ಸರ್ ಬಂತು. ರೇಡಿಯೇಷನ್ ತಗೊಂಡವರಲ್ಲಿ ಸುಮಾರು 14. ಅಂದರೆ ಸ್ತನ ಉಳಿಸೋದು ಅಂದರೆ ಸಾಮಾನ್ಯವಾಗಿ ಆಪರೇಷನ್ ಮತ್ತು ರೇಡಿಯೇಷನ್ ಎರಡೂ ಸೇರಿಯೇ. ಎಲ್ಲರಿಗೂ ಇದು ಆಗಲ್ಲ ಅನ್ನೋದೂ ನಿಜ. ಹಲವು ಕಡೆ ಗಂಟಿದ್ದರೆ, ಎದೆಗೆ ಮುಂಚೆಯೇ ರೇಡಿಯೇಷನ್ ಆಗಿದ್ದರೆ ಡಾಕ್ಟರು ಬೇರೆ ದಾರಿ ಹೇಳಬಹುದು.

ಸರಿ, ಹಾಗಾದರೆ ಕೊನೆಗೆ ಹೇಗೆ ಕಾಣುತ್ತೆ ಅನ್ನೋದನ್ನ ಯಾವುದು ತೀರ್ಮಾನ ಮಾಡುತ್ತೆ?

ದೊಡ್ಡ ಪಾಲು ಆಪರೇಷನ್ ಟೇಬಲ್ ಮೇಲೇ ತೀರ್ಮಾನ ಆಗುತ್ತೆ. ಗಂಟು ಎಷ್ಟು ದೊಡ್ಡದು ಅನ್ನೋದಕ್ಕಿಂತ, ಸ್ತನದ ಗಾತ್ರದಲ್ಲಿ ಎಷ್ಟು ಪಾಲು ತೆಗೀತಾರೆ ಅನ್ನೋದು ಮುಖ್ಯ. ಸುಮಾರು ಐದನೇ ಒಂದು ಭಾಗಕ್ಕಿಂತ ಜಾಸ್ತಿ ಹೋದರೆ ಆಕಾರ ಕೆಡುವ ಸಾಧ್ಯತೆ ಏರುತ್ತೆ. ಕೆಳಭಾಗದಲ್ಲಿ, ಒಳಬದಿಯಲ್ಲಿ ಗಂಟಿದ್ದರೆ ತಗ್ಗು ಬೇಗ ಎದ್ದು ಕಾಣುತ್ತೆ. ಇದಕ್ಕೇ ಆಂಕೊಪ್ಲಾಸ್ಟಿಕ್ ಅನ್ನೋ ವಿಧಾನ ಬಂದಿದೆ. ಕ್ಯಾನ್ಸರ್ ತೆಗೆದ ಕೂಡಲೇ, ಅದೇ ಆಪರೇಷನ್‌ನಲ್ಲಿ, ಉಳಿದ ಭಾಗವನ್ನು ಸರಿಸಿ ಜೋಡಿಸಿ ತಗ್ಗು ತುಂಬಿಸ್ತಾರೆ. ಗಂಟು ದೊಡ್ಡದಿದ್ದರೆ ಕೆಲವರಿಗೆ ಮೊದಲು ಕೀಮೊ ಕೊಟ್ಟು ಕುಗ್ಗಿಸಿ, ಆಮೇಲೆ ಆಪರೇಷನ್ ಮಾಡ್ತಾರೆ.

ಇನ್ನು ರೇಡಿಯೇಷನ್. ನಮ್ಮಲ್ಲಿ ಎಷ್ಟೋ ಮಂದಿ ಇದಕ್ಕೆ 'ಕರೆಂಟ್ ಕೊಡೋದು' ಅಂತಾರೆ. ಹೆಸರು ಕೇಳಿಯೇ ಸುಟ್ಟುಹೋಗುತ್ತೇನೋ ಅಂತ ಹೆದರಿಕೆ. ಇಲ್ಲಿ ಕರೆಂಟ್ ಹೊಡೆಯೋದಿಲ್ಲ. ಕೊಡುವಾಗ ನೋವೂ ಇರೋದಿಲ್ಲ. ಕೆಲವು ದಿನ, ವಾರಗಳಲ್ಲಿ ಚರ್ಮ ಕೆಂಪಾಗುತ್ತೆ, ಕಪ್ಪಾಗುತ್ತೆ, ಸ್ತನದ ಕೆಳಗಿನ ಮಡಿಕೆಯಲ್ಲಿ ಸುಲಿಯಬಹುದು. ಬಹುಪಾಲು ಅದು ಕೆಲವು ವಾರದಲ್ಲಿ ವಾಸಿಯಾಗುತ್ತೆ. ಊತ ಕೆಲವು ತಿಂಗಳು ಇರಬಹುದು. ಆಮೇಲೆ ವರ್ಷಗಳಲ್ಲಿ ನಿಧಾನಕ್ಕೆ ಸ್ತನ ಸ್ವಲ್ಪ ಕುಗ್ಗಬಹುದು, ಗಟ್ಟಿಯಾಗಬಹುದು.

ಒಂದು ವಿಷಯ ಗಮನಿಸಿ. ಆಪರೇಷನ್ ಆದ ಹೊಸದರಲ್ಲಿ ತೆಗೆದ ಜಾಗದಲ್ಲಿ ನೀರು ತುಂಬಿಕೊಂಡು ಆಕಾರ ಚೆನ್ನಾಗೇ ಕಾಣಬಹುದು. ಆ ನೀರು ಇಂಗಿದ ಮೇಲೆ ತಗ್ಗು ಕಾಣುತ್ತೆ. ವಯಸ್ಸಾದ ಹಾಗೆ, ತೂಕ ಏರಿದ ಹಾಗೆ ಇನ್ನೊಂದು ಸ್ತನ ಬದಲಾಗುತ್ತೆ, ರೇಡಿಯೇಷನ್ ಆದದ್ದು ಅಷ್ಟು ಬದಲಾಗಲ್ಲ. ಹೀಗಾಗಿ ಒಂದು ತಿಂಗಳಿಗೆ ಕನ್ನಡಿ ನೋಡಿ ಖುಷಿಪಡೋದೂ ಬೇಡ, ಗಾಬರಿಯಾಗೋದೂ ಬೇಡ.

ರೇಡಿಯೇಷನ್ ಎಷ್ಟು ದಿನ? ಇದು ನಮ್ಮೂರಿನ ಹೆಂಗಸರಿಗೆ ದೊಡ್ಡ ಪ್ರಶ್ನೆ. ವಿಜಯನಗರದ ಪಕ್ಕದ ಮಾರೇನಹಳ್ಳಿಯಿಂದ ಹೊಸೂರು ರಸ್ತೆಯ ಕಿದ್ವಾಯಿ ಆಸ್ಪತ್ರೆಗೆ ಹೋಗಬೇಕು ಅಂದುಕೊಳ್ಳಿ. ಮೆಟ್ರೊದಲ್ಲಿ ಮೆಜೆಸ್ಟಿಕ್, ಅಲ್ಲಿಂದ ಬಸ್ಸು. ಮೊದಲೆಲ್ಲ ಇದು ಐದು ವಾರ, 25 ಸಲ. ಮನೆಗೆಲಸಕ್ಕೆ ಹೋಗೋರು, ಗಾರ್ಮೆಂಟ್ಸ್‌ಗೆ ಹೋಗೋರು ಅಷ್ಟು ದಿನ ಕೂಲಿ ಬಿಡೋದು ಹೇಗೆ? 'ಅದರ ಬದಲು ಪೂರ್ತಿ ತೆಗೆದುಬಿಡಿ' ಅನ್ನೋದಕ್ಕೆ ಇದೂ ಒಂದು ಕಾರಣ. ಈಗ ಲೆಕ್ಕ ಬದಲಾಗಿದೆ. ಬ್ರಿಟನ್‌ನ ಸ್ಟಾರ್ಟ್ ಅಧ್ಯಯನದಲ್ಲಿ ಮೂರು ವಾರಕ್ಕೆ 15 ಸಲ ಕೊಟ್ಟಾಗ ಕ್ಯಾನ್ಸರ್ ಹತೋಟಿ ಐದು ವಾರದಷ್ಟೇ ಚೆನ್ನಾಗಿತ್ತು, ಸ್ತನದ ಆಕಾರ ಕೆಡೋದು ಇನ್ನೂ ಕಡಿಮೆ ಇತ್ತು. 2020ರಲ್ಲಿ ಬಂದ ಫಾಸ್ಟ್ ಫಾರ್ವರ್ಡ್ ಅಧ್ಯಯನದಲ್ಲಿ ಒಂದೇ ವಾರ, ಐದೇ ಸಲ. ಐದು ವರ್ಷದ ಹೊತ್ತಿಗೆ ಕ್ಯಾನ್ಸರ್ ಹತೋಟಿಯಲ್ಲಿ ಮೂರು ವಾರದ್ದಕ್ಕೆ ಸಮವಾಗಿತ್ತು. ಎಲ್ಲರಿಗೂ ಐದು ದಿನ ಸಾಕು ಅಂತಲ್ಲ. ಕೆಲವರಿಗೆ ಗಂಟಿದ್ದ ಜಾಗಕ್ಕೆ ಬೂಸ್ಟ್ ಅಂತ ಹೆಚ್ಚುವರಿ ಡೋಸ್ ಬೇಕಾಗುತ್ತೆ. ಮುಖ್ಯವಾಗಿ ಚಿಕ್ಕ ವಯಸ್ಸಿನವರಿಗೆ ಅದರಿಂದ ಲಾಭ ಜಾಸ್ತಿ. ಆದರೆ ಆ ಜಾಗ ಗಟ್ಟಿಯಾಗುವ ಸಂಭವವೂ ಏರುತ್ತೆ.

ಹಾಗಾಗಿ ಆಪರೇಷನ್ ಒಪ್ಪಿಗೆ ಪತ್ರಕ್ಕೆ ಸಹಿ ಹಾಕೋ ಮುಂಚೆ ಇಷ್ಟು ಕೇಳಿ. ಸಾರ್, ಅಥವಾ ಮೇಡಂ, ನನ್ನ ಸ್ತನ ಉಳಿಸೋಕೆ ಆಗುತ್ತಾ? ಎಷ್ಟು ಭಾಗ ಹೋಗುತ್ತೆ? ತಗ್ಗು ಬೀಳುತ್ತಾ, ಬಿದ್ದರೆ ಅದೇ ಆಪರೇಷನ್‌ನಲ್ಲಿ ಸರಿಮಾಡ್ತೀರಾ? ರೇಡಿಯೇಷನ್ ಎಷ್ಟು ದಿನ, ಬೂಸ್ಟ್ ಬೇಕಾ? ಯಾಕೆ ಮುಂಚೆ ಅಂದರೆ, ರೇಡಿಯೇಷನ್ ಆದ ಮೇಲೆ ಗಾಯ ಮಾಯೋದು ನಿಧಾನ, ಆಗ ಆಕಾರ ಸರಿಮಾಡೋದು ಕಷ್ಟ. ಸಿಗರೇಟು ಸೇದುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ, ಅದು ಗಾಯವನ್ನೂ ಕೆಡಿಸುತ್ತೆ.

ಜೊತೆಗೆ ಬಂದ ಗಂಡ, ಮಗ, ಅಕ್ಕ, ಯಾರೇ ಇರಲಿ, ಅವರಿಗೆ ಒಂದು ಮಾತು. ಆಕೆ ಇದನ್ನ ಕೇಳುವಾಗ 'ಈಗ ಅದೆಲ್ಲ ಯಾಕೆ' ಅನ್ನಬೇಡಿ. ಜೀವ ಉಳಿಸಿಕೊಳ್ಳೋದಕ್ಕೂ ಈ ಪ್ರಶ್ನೆಗೂ ಜಗಳ ಇಲ್ಲ. ಉಳಿದ ಜೀವವನ್ನ ಆ ದೇಹದ ಜೊತೆ ಕಳೆಯಬೇಕಾದವಳು ಆಕೆಯೇ.