ಸೂಜಿಗೆ ಕರೆಂಟ್ ಕೊಟ್ರೆ ಅಲ್ಝೈಮರ್ ವಾಸಿಯಾಗುತ್ತಾ?

ಕಳೆದ ತಿಂಗಳು ನಮ್ಮ ಫ್ಯಾಮಿಲಿ ಗ್ರೂಪ್‌ಗೆ ಚಿಕ್ಕಪ್ಪ ಒಂದು ಫಾರ್ವರ್ಡ್ ಹಾಕಿದ್ರು. ‘ಅಲ್ಝೈಮರ್‌ಗೆ ಕೊನೆಗೂ ಚಿಕಿತ್ಸೆ ಸಿಕ್ಕಿದೆ, ಇಲಿಗಳ ಮೇಲೆ ಸಾಬೀತಾಗಿದೆ’ ಅಂತ. ಕೆಳಗಡೆ ಒಂದು ಕ್ಲಿನಿಕ್‌ನ ನಂಬರು, ಇಪ್ಪತ್ತು ಸಿಟ್ಟಿಂಗ್‌ನ ಪ್ಯಾಕೇಜ್ ರೇಟು.

ನಮ್ಮಜ್ಜಿಗೆ ಮೂರು ವರ್ಷದಿಂದ ಈ ಕಾಯಿಲೆ. ನನ್ನನ್ನ ನೋಡಿ ಅಪ್ಪನ ಹೆಸರು ಹಿಡಿದು ಕರೀತಾರೆ. ಚಿಕ್ಕಪ್ಪ ಅಡ್ವಾನ್ಸ್ ಕಟ್ಟೋಕೆ ರೆಡಿಯಾಗಿದ್ರು. ‘ನೀನು ಬಿಕಾಂ ಓದಿದೋನು, ಲೆಕ್ಕ ನೋಡಿ ಹೇಳಪ್ಪಾ’ ಅಂದ್ರು. ನಾನು ಡಾಕ್ಟರ್ ಅಲ್ಲ. ಆದ್ರೆ ಕೂತು ಓದಿದೆ. ಓದಿದ್ದನ್ನ ಇವತ್ತು ನಿಮ್ಮ ಮುಂದೆ ಇಡ್ತೀನಿ.

ಇದರ ಹೆಸರು ಎಲೆಕ್ಟ್ರೋಅಕ್ಯುಪಂಕ್ಚರ್. ಮಾಮೂಲಿ ಅಕ್ಯುಪಂಕ್ಚರ್ ಸೂಜಿ ಚುಚ್ಚಿ, ಅದಕ್ಕೆ ವೈರ್ ಸಿಕ್ಕಿಸಿ, ತುಂಬಾ ಸಣ್ಣ ಪ್ರಮಾಣದ ವಿದ್ಯುತ್ ಹಾಯಿಸ್ತಾರೆ. ಅಲ್ಝೈಮರ್ ಪ್ರಯೋಗಗಳಲ್ಲಿ ಹೆಚ್ಚಾಗಿ ಆರಿಸೋ ಜಾಗ ನಡುನೆತ್ತಿ. ಚೀನೀ ವೈದ್ಯದಲ್ಲಿ ಅದಕ್ಕೆ ‘ಬಾಯ್‌ಹುಯಿ’ ಅಂತಾರೆ.

ಈಗ ಇಲಿಗಳ ವಿಷಯಕ್ಕೆ ಬರೋಣ. ಇಲಿಗೆ ನಮ್ಮ ಹಾಗೆ ತಾನಾಗೇ ಅಲ್ಝೈಮರ್ ಬರಲ್ಲ. ವಂಶಪಾರಂಪರ್ಯವಾಗಿ ಬರೋ ಅಪರೂಪದ ಅಲ್ಝೈಮರ್‌ನಲ್ಲಿ ಕಾಣೋ ಮನುಷ್ಯರ ಜೀನ್‌ಗಳನ್ನ ಇಲಿಗೆ ಸೇರಿಸ್ತಾರೆ. ‘5ಎಕ್ಸ್‌ಫ್ಯಾಡ್’ ಅನ್ನೋ ತಳಿಯಲ್ಲಿ ಇಂಥ ಐದು ರೂಪಾಂತರಗಳಿವೆ. ಎರಡು ತಿಂಗಳಾಗೋ ಹೊತ್ತಿಗೇ ಅದರ ಮೆದುಳಲ್ಲಿ ಅಮೈಲಾಯ್ಡ್ ಅನ್ನೋ ಪ್ರೊಟೀನ್ ಗಂಟು ಕಟ್ಟೋಕೆ ಶುರುವಾಗುತ್ತೆ.

ಅದರ ನೆನಪನ್ನ ಅಳೆಯೋದು ಹೇಗೆ? ಒಂದು ದೊಡ್ಡ ದುಂಡನೆ ತೊಟ್ಟಿ. ಒಳಗೇನೂ ಕಾಣದ ಹಾಗೆ ಮಾಡಿದ ನೀರು. ನೀರಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಒಂದು ಪುಟ್ಟ ಕಟ್ಟೆ. ಇಲಿ ಈಜಾಡಿ ಆ ಕಟ್ಟೆ ಹುಡುಕಬೇಕು, ಮರುದಿನ ಅದು ಎಲ್ಲಿತ್ತು ಅಂತ ನೆನಪಿಟ್ಕೊಂಡಿರಬೇಕು. ಬ್ರಿಟನ್ನಿನ ರಿಚರ್ಡ್ ಮಾರಿಸ್ 1981ರಲ್ಲಿ ಪ್ರಕಟಿಸಿದ ಪರೀಕ್ಷೆ ಇದು.

ಚೀನಾದ ಹಲವು ಲ್ಯಾಬ್‌ಗಳ ವರದಿ ಪ್ರಕಾರ, ಕರೆಂಟ್ ಸೂಜಿ ಚುಚ್ಚಿಸ್ಕೊಂಡ ಇಲಿಗಳು ಕಟ್ಟೆಯನ್ನ ಬೇಗ ಹುಡುಕಿದ್ವು. ಮೆದುಳಲ್ಲಿ ಅಮೈಲಾಯ್ಡ್ ಕಡಿಮೆಯಿತ್ತು, ಉರಿಯೂತವೂ ಇಳಿದಿತ್ತು. ಅಂದ್ರೆ ಫಾರ್ವರ್ಡ್‌ನಲ್ಲಿದ್ದದ್ದು ಪೂರ್ತಿ ಸುಳ್ಳಲ್ಲ.

ಸೂಜಿಗೂ ದೇಹದೊಳಗಿನ ಉರಿಯೂತಕ್ಕೂ ಏನು ಸಂಬಂಧ? 2021ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಇಲಿಯ ಹಿಂಗಾಲಿನ ಒಂದು ಬಿಂದುವಿಗೆ ಸಣ್ಣ ಕರೆಂಟ್ ಕೊಟ್ಟಾಗ, ಒಂದು ನಿರ್ದಿಷ್ಟ ಬಗೆಯ ನರಗಳ ಮೂಲಕ ಸಂಕೇತ ಹೋಗಿ, ಅಡ್ರಿನಲ್ ಗ್ರಂಥಿ ಕೆಲಸಕ್ಕಿಳಿದು ಉರಿಯೂತ ತಗ್ಗಿತು. ಹೊಟ್ಟೆಯ ಬಿಂದುವಿಗೆ ಅದೇ ಪ್ರಮಾಣದ ಕರೆಂಟ್ ಕೊಟ್ರೆ ಆ ದಾರಿ ತೆರೆಯಲಿಲ್ಲ. ಇದು ಗಟ್ಟಿ ಕೆಲಸ. ಆದ್ರೆ ಅದು ಅಲ್ಝೈಮರ್ ಬಗ್ಗೆ ಅಲ್ಲ.

ಹಾಗಾದ್ರೆ ತಕರಾರು ಏನು? ಮೊದಲನೇದು, ಇಲಿಯಿಂದ ಮನುಷ್ಯನವರೆಗಿನ ದೂರ. 1999ರಲ್ಲಿ ಒಂದು ಅಮೈಲಾಯ್ಡ್ ಲಸಿಕೆ ಇಲಿಗಳಲ್ಲಿ ಅದ್ಭುತವಾಗಿ ಕೆಲಸ ಮಾಡ್ತು. ಮನುಷ್ಯರಿಗೆ ಕೊಟ್ಟಾಗ ನೂರಕ್ಕೆ ಸುಮಾರು ಆರು ಜನರಿಗೆ ಮೆದುಳಿನ ಉರಿಯೂತ ಬಂತು. 2002ರಲ್ಲಿ ನಿಲ್ಲಿಸಿಬಿಟ್ರು.

ಎರಡನೇದು, ಹೋಲಿಕೆ. ಸೂಜಿ ಚುಚ್ಚೋಕೆ ಇಲಿಯನ್ನ ಕಟ್ಟಿಹಾಕ್ಬೇಕು, ಇಲ್ಲಾ ಮಂಪರು ಬರಿಸ್ಬೇಕು. ಹೋಲಿಕೆಗೆ ಇಟ್ಟ ಇಲಿಗಳಿಗೂ ಅಷ್ಟೇ ಹಿಂಸೆ ಆಗಿರ್ಬೇಕು. ಯಾವ ಇಲಿಗೆ ಕರೆಂಟ್ ಕೊಟ್ಟಿದ್ದು ಅಂತ ಈಜಿನ ಸಮಯ ಅಳೆಯೋರಿಗೆ ಗೊತ್ತಿರಬಾರ್ದು. ಗುಂಪಲ್ಲಿ ಇಲಿಗಳು ಬೆರಳೆಣಿಕೆಯಷ್ಟೇ ಇದ್ರೆ, ಎರಡು ಚುರುಕು ಇಲಿ ಸಾಕು ಲೆಕ್ಕ ಬದಲಾಗೋಕೆ.

ಮೂರನೇದು ನನ್ನ ಲೈನಿಗೆ ಹತ್ತಿರದ್ದು. ಹತ್ತು ವರ್ಷದ ಲೆಕ್ಕದ ಪುಸ್ತಕದಲ್ಲಿ ಒಂದೇ ಒಂದು ನಷ್ಟದ ಎಂಟ್ರಿಯೂ ಇಲ್ಲದ ಅಂಗಡಿ ಸಿಕ್ರೆ ಆಡಿಟರ್ ಖುಷಿಪಡಲ್ಲ, ಕನ್ನಡಕ ಸರಿಮಾಡ್ಕೋತಾರೆ. 1998ರಲ್ಲಿ ಕೆಲವು ಸಂಶೋಧಕರು ಮನುಷ್ಯರ ಮೇಲಿನ ಅಕ್ಯುಪಂಕ್ಚರ್ ಪ್ರಯೋಗಗಳನ್ನ ದೇಶವಾರು ಗುಡ್ಡೆಹಾಕಿ ನೋಡಿದ್ರು. ಚೀನಾ, ಜಪಾನ್, ಹಾಂಗ್‌ಕಾಂಗ್, ತೈವಾನ್‌ನಿಂದ ಬಂದ ಅಷ್ಟೂ ಪ್ರಯೋಗಗಳು ಯಶಸ್ವಿ! ಸೋತ ಪ್ರಯೋಗಗಳು ಪ್ರಕಟವೇ ಆಗದಿದ್ರೆ, ನಮಗೆ ಕಾಣೋದು ಲಾಭದ ಪುಟ ಮಾತ್ರ.

ನಾನು ಸಂಶೋಧನೆ ಬೇಡ ಅಂತಿಲ್ಲ. ಮಾಡಲಿ, ಚೆನ್ನಾಗಿ ಮಾಡಲಿ. ಆದ್ರೆ ಲ್ಯಾಬ್‌ನಲ್ಲಿ ಇನ್ನೂ ಪ್ರಶ್ನೆಯಾಗಿರೋದನ್ನ ಉತ್ತರ ಅಂತ ಪ್ಯಾಕೇಜ್ ಮಾಡಿ ಮಾರೋದು ಬೇರೆ ವಿಷಯ. 2023ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ನಮ್ಮ ದೇಶದಲ್ಲಿ ಅರವತ್ತು ದಾಟಿದ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಅಷ್ಟು ಮನೆಗಳ ಆಸೆಯೇ ಅವರ ಮಾರ್ಕೆಟ್ಟು.

ನಿಮ್ಮ ಮನೇಲಿ ಯಾರಿಗಾದ್ರೂ ಮರೆವು ಶುರುವಾಗಿದ್ರೆ ಮೊದಲು ಡಾಕ್ಟರ್ ಹತ್ರ ಕರ್ಕೊಂಡು ಹೋಗಿ. ಬಿ12 ಕೊರತೆ, ಥೈರಾಯ್ಡ್ ಸಮಸ್ಯೆಯಿಂದಲೂ ಮರೆವು ಬರುತ್ತೆ, ಅವಕ್ಕೆ ಚಿಕಿತ್ಸೆ ಇದೆ. ಹಿರಿಯರ ಸಹಾಯವಾಣಿ 14567 ಕೂಡ ಇದೆ.

ನಮ್ಮನೇಲಿ ಏನಾಯ್ತು? ಇದನ್ನೆಲ್ಲ ಹೇಳಿದಾಗ ಚಿಕ್ಕಪ್ಪ ತುಂಬ ಹೊತ್ತು ಸುಮ್ಮನಿದ್ರು. ಆಮೇಲೆ ‘ಏನೂ ಮಾಡ್ದೆ ಕೂತಿರೋಕೆ ಆಗ್ತಿಲ್ವಲ್ಲೋ’ ಅಂದ್ರು. ಆ ಮಾತಿಗೆ ನನ್ನ ಹತ್ರ ಉತ್ತರ ಇರಲಿಲ್ಲ. ಅಡ್ವಾನ್ಸ್‌ಗೆ ಇಟ್ಟಿದ್ದ ದುಡ್ಡಲ್ಲಿ ಈಗ ವಾರಕ್ಕೆ ಎರಡು ದಿನ ಒಬ್ರು ಆಯಾ ಬರ್ತಾರೆ. ಮೂರು ವರ್ಷದ ಮೇಲೆ ನಮ್ಮಮ್ಮ ಮಧ್ಯಾಹ್ನ ಒಂದು ಗಂಟೆ ನಿದ್ದೆ ಮಾಡ್ತಿದ್ದಾರೆ.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಿಮ್ಮ ಗ್ರೂಪ್‌ಗೆ ಇಂಥ ಫಾರ್ವರ್ಡ್ ಬಂದಿದ್ರೆ ನಮಗೂ ಕಳಿಸಿ.