ಗಂಡು ಕುದುರೆಯ ಹೊಟ್ಟೆನೋವು



ಕುದುರೆಗಳ ಆರೋಗ್ಯದ ಈ ಪ್ರದರ್ಶನಕ್ಕೆ ಬೆಂಗಳೂರಿನ ಟಿನ್ ಫ್ಯಾಕ್ಟರಿಯೇ ಯಾಕೆ ಎಂದು ಕೆಲವರು ಕೇಳಿದರು. 1809ರಲ್ಲಿ ಬ್ರಿಟಿಷರ ದಂಡು ಬಂದು ನೆಲೆಯೂರಿದ ಮೇಲೆ ನಗರದ ಈ ದಿಕ್ಕು ಕುದುರೆಗಳನ್ನು ಚೆನ್ನಾಗಿ ಬಲ್ಲದು. ಜಟಕಾಗಳು ಕಡಿಮೆಯಾದರೂ ಮದುವೆ ಮೆರವಣಿಗೆಯ ಕುದುರೆಗಳು ಇನ್ನೂ ಇವೆ. ಅದಕ್ಕಿಂತ ಮುಖ್ಯವಾಗಿ, ಇಲ್ಲಿಂದ ರಿಂಗ್ ರೋಡ್ ಹಿಡಿದರೆ ಸಿಗುವುದು ಹೆಬ್ಬಾಳ. 1958ರಲ್ಲಿ ಶುರುವಾದ ಪಶುವೈದ್ಯ ಕಾಲೇಜು ಇರುವುದು ಅಲ್ಲೇ. ನಾನು ಇವತ್ತು ಹೇಳಬೇಕೆಂದಿರುವ ಕಾಯಿಲೆಯಲ್ಲಿ ಆ ದಾರಿಯನ್ನು ಎಷ್ಟು ಬೇಗ ಹಿಡಿಯುತ್ತೀರಿ ಎಂಬುದೇ ಕುದುರೆಯ ಜೀವ.

ಕುದುರೆ ನೆಲ ಕೆರೆಯುತ್ತದೆ, ತಿರುಗಿ ತಿರುಗಿ ಪಕ್ಕೆ ನೋಡಿಕೊಳ್ಳುತ್ತದೆ, ಬಿದ್ದು ಹೊರಳುತ್ತದೆ. ಹೊಟ್ಟೆನೋವು ಎಂದು ನಿಮಗೆ ತಕ್ಷಣ ತಿಳಿಯುತ್ತದೆ. ಗಂಡು ಕುದುರೆಯಾದರೆ ಬೇರೇನೂ ಮಾಡುವ ಮೊದಲು ಬಗ್ಗಿ ಬೀಜದ ಚೀಲ ನೋಡಿ. ಒಂದು ಕಡೆ ಊದಿದೆಯೇ? ಗಟ್ಟಿಯಾಗಿ, ತಣ್ಣಗಿದೆಯೇ? ಹಾಗಿದ್ದರೆ ಸಣ್ಣ ಕರುಳಿನ ಒಂದು ಸುತ್ತು ತೊಡೆಸಂದಿನ ಕಿಂಡಿಯಿಂದ ಕೆಳಗಿಳಿದು ಸಿಕ್ಕಿಕೊಂಡಿರಬಹುದು. ಹೆಣ್ಣಿಗೆ ಹಾರಿದ ಮೇಲೆ, ಜೋರಾಗಿ ಓಡಿದ ಮೇಲೆ ಹೀಗಾಗುವುದುಂಟು. ರಕ್ತ ಹರಿಯದೆ ಆ ಕರುಳು ಗಂಟೆಗಳಲ್ಲೇ ಸಾಯುತ್ತದೆ. ಊತ ಮೊದಮೊದಲು ಚಿಕ್ಕದಿರುತ್ತದೆ. ಅದಕ್ಕೇ ವೈದ್ಯರು ಗುದದ್ವಾರದಿಂದ ಕೈ ಹಾಕಿ ಒಳಗಿನ ಕಿಂಡಿಯನ್ನು ತಡವಿ ನೋಡುತ್ತಾರೆ, ಸ್ಕ್ಯಾನ್ ಮಾಡುತ್ತಾರೆ.

ಇಂಥ ಹೊತ್ತಿನಲ್ಲಿ ಬಾಯಿಗೆ ಎಣ್ಣೆ ಸುರಿಯಬೇಡಿ, ಕೈಮುಗಿದು ಕೇಳುತ್ತೇನೆ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಕೆಳಗೆ ದಾರಿ ಕಟ್ಟಿದಾಗ ಮೇಲಿಂದ ತುಂಬಿದರೆ ಜಠರವೇ ಒಡೆಯಬಹುದು. ವೈದ್ಯರು ಮೂಗಿನಿಂದ ಕೊಳವೆ ಇಳಿಸಿ ಒಳಗಿರುವುದನ್ನು ಹೊರತೆಗೆಯುತ್ತಾರೆ. ನೋವಿನ ಇಂಜೆಕ್ಷನ್‌ನಿಂದ ಕುದುರೆ ಸುಮ್ಮನಾಯಿತೆಂದು ಮನೆಗೆ ಹೊಡೆದುಕೊಂಡು ಹೋಗುವುದೂ ಅಷ್ಟೇ ಅಪಾಯ. ಸಿಕ್ಕ ಕರುಳು ಸಿಕ್ಕೇ ಇರುತ್ತದೆ.

ಅದನ್ನು ಬಿಡಿಸಲು ಆಪರೇಷನ್ ಎಂದರೆ ಹೆದರುತ್ತೀರಿ, ಖರ್ಚಿನ ಭಯ ಬೇರೆ. ಕುದುರೆಗೆ ಪೂರ್ತಿ ಅರಿವಳಿಕೆ ಕೊಟ್ಟು ಅಂಗಾತ ಮಲಗಿಸಿ, ತೊಡೆಸಂದಿನಲ್ಲಿ ಕೊಯ್ದು, ಬೇಕಾದರೆ ಹೊಟ್ಟೆಯನ್ನೂ ತೆರೆದು ಕರುಳನ್ನು ಒಳಗೆಳೆಯುತ್ತಾರೆ. ಕಪ್ಪಾಗಿ ಸತ್ತ ಭಾಗವನ್ನು ಕತ್ತರಿಸಿ ಎರಡು ತುದಿಗಳನ್ನು ಜೋಡಿಸುತ್ತಾರೆ. ಸಾಮಾನ್ಯವಾಗಿ ಆ ಕಡೆಯ ಬೀಜ ತೆಗೆದು ಕಿಂಡಿ ಹೊಲಿಯುತ್ತಾರೆ. ಬೇಗ ಬಂದ ಕುದುರೆಗೆ ಕರುಳು ಕತ್ತರಿಸುವ ಪ್ರಮೇಯವೇ ಬರದಿರಬಹುದು. ಖರ್ಚೂ ಕಡಿಮೆ, ಉಳಿಯುವ ಭರವಸೆಯೂ ಹೆಚ್ಚು.

ಮರಿಗಳ ವಿಷಯ ಬೇರೆ. ಹುಟ್ಟಿನಿಂದಲೇ ಇರುವ ಊತ ಮೆತ್ತಗಿದ್ದು, ಒತ್ತಿದರೆ ಒಳಗೆ ಹೋಗುವಂತಿದ್ದರೆ ಬಹುಪಾಲು ಕೆಲವು ತಿಂಗಳಲ್ಲಿ ತಾನೇ ಸರಿಹೋಗುತ್ತದೆ. ಮರಿ ನೋವಿನಿಂದ ಒದ್ದಾಡಿದರೆ ಮಾತ್ರ ಕಾಯಬೇಡಿ.

ಇನ್ನು ಬೀಜ ತೆಗೆಸುವ ವಿಚಾರ. ದಯವಿಟ್ಟು ರಸ್ತೆ ಬದಿಯಲ್ಲಿ ಯಾರದೋ ಕೈಲಿ ಮಾಡಿಸಬೇಡಿ. ಕಿಂಡಿ ಅಗಲವಿರುವ ಕುದುರೆಯಲ್ಲಿ ಗಾಯದಿಂದಲೇ ಕರುಳು ಜಾರಿ ಹೊರಬರಬಹುದು. ಬಂದರೆ ಶುದ್ಧವಾದ ಒದ್ದೆ ಬಟ್ಟೆಯಲ್ಲಿ ಎತ್ತಿ ಹಿಡಿದು, ಕುದುರೆ ತುಳಿಯದಂತೆ ನೋಡಿಕೊಂಡು ವೈದ್ಯರನ್ನು ಕರೆಸಿ.

ಬಲಗಡೆಯ ಮೇಜಿನಲ್ಲಿ ಕರುಳಿನ ಮಾದರಿ ಇಟ್ಟಿದ್ದಾರೆ. ಮೊದಲು ಅಲ್ಲಿಗೆ ಹೋಗಿ, ಬೆರಳಿಟ್ಟು ಆ ಕಿಂಡಿ ಎಲ್ಲಿದೆ ಎಂದು ನೋಡಿ, ಅಲ್ಲಿರುವ ಪಶುವೈದ್ಯ ವಿದ್ಯಾರ್ಥಿಗಳನ್ನು ಸಂಕೋಚವಿಲ್ಲದೆ ಕೇಳಿ. ಪ್ರದರ್ಶನವನ್ನು ಸಂತೋಷದಿಂದ ಉದ್ಘಾಟಿಸುತ್ತಿದ್ದೇನೆ.