ಪಟ್ಟು ಮತ್ತು ಮೈಕಟ್ಟು



ಶಾಲೆಯ ಸಾಲಿನಲ್ಲಿ ನಾನು ಯಾವಾಗಲೂ ಮೊದಲಿಗ. ಜಾಣತನದಿಂದಲ್ಲ, ಗಿಡ್ಡತನದಿಂದ! ಕಬಡ್ಡಿಗೆ ತಂಡ ಆರಿಸುವಾಗ ಮಾತ್ರ ನನ್ನ ಹೆಸರು ಕೊನೆಗೆ ಬರುತ್ತಿತ್ತು. ನಿಮ್ಮಲ್ಲೂ ಕೆಲವರಿಗೆ ಈ ಅನುಭವ ಆಗಿರಬಹುದು. ಅಂಥವರು ಜಪಾನಿನ ಜಿಗೊರೊ ಕಾನೊ ಅವರ ಕಥೆಯನ್ನು ಕೇಳಬೇಕು.

1860ರಲ್ಲಿ ಹುಟ್ಟಿದ ಕಾನೊ ಅವರದು ಸಣ್ಣ ಮೈಕಟ್ಟು. ಶಾಲೆಯಲ್ಲಿ ಬಲಿಷ್ಠ ಹುಡುಗರ ಕಾಟ ತಾಳಲಾರದೆ, ಜುಜುತ್ಸು ಎಂಬ ಹಳೆಯ ಕಾಳಗವಿದ್ಯೆ ಕಲಿಯಲು ಮುಂದಾದರು. ಅಲ್ಲಿಯೂ ಫುಕುಷಿಮಾ ಎಂಬ ಭಾರೀ ಆಳಿನ ಎದುರು ಮತ್ತೆ ಮತ್ತೆ ಸೋಲು. ಕಲಿತ ಪಟ್ಟುಗಳು ಅವನ ಮೇಲೆ ನಡೆಯಲಿಲ್ಲ. ಕಾನೊ ಸೂಮೊ ಪಟ್ಟುಗಳನ್ನು ಪರೀಕ್ಷಿಸಿದರು. ಗ್ರಂಥಾಲಯದಲ್ಲಿ ಪಾಶ್ಚಾತ್ಯ ಕುಸ್ತಿಯ ಪುಸ್ತಕ ಹುಡುಕಿದರು. ಕೊನೆಗೆ, ಎದುರಾಳಿಯ ಕೆಳಗೆ ನುಸುಳಿ, ಅವನನ್ನು ಹೆಗಲ ಮೇಲೆ ಹೊತ್ತು ಉರುಳಿಸುವ ಪಟ್ಟೊಂದು ದೊರೆಯಿತು. ಫುಕುಷಿಮಾ ನೆಲ ಕಂಡ! ಅದೇ ಇಂದಿನ ಜುಡೋದ 'ಕತಾ ಗುರುಮಾ', ಅಂದರೆ ಹೆಗಲ ಚಕ್ರ. 1882ರಲ್ಲಿ ಕಾನೊ ಟೋಕಿಯೋದ ಬೌದ್ಧ ದೇವಾಲಯವೊಂದರಲ್ಲಿ 'ಕೊಡೊಕಾನ್' ಎಂಬ ಜುಡೋ ಶಾಲೆಯನ್ನು ತೆರೆದರು.

ಇದರ ಹಿಂದಿರುವುದು ನೀವು ಪಾಠದಲ್ಲಿ ಓದಿರುವ ಗುರುತ್ವ ಕೇಂದ್ರವೇ. ಅಲ್ಲಿಂದ ನೇರ ಕೆಳಗೆ ಎಳೆದ ಗೆರೆ ಪಾದಗಳ ಆಧಾರದೊಳಗೆ ಬೀಳುವವರೆಗೆ ಮನುಷ್ಯ ನಿಲ್ಲಬಲ್ಲ; ಹೊರಗೆ ಹೋಯಿತೆಂದರೆ ಉರುಳುತ್ತಾನೆ. ಆದ್ದರಿಂದ ಜುಡೋದಲ್ಲಿ ಮೊದಲು ಎದುರಾಳಿಯ ಸಮತೋಲ ಕೆಡಿಸಬೇಕು, ಆಮೇಲೆ ಎಸೆಯಬೇಕು. ಗಿಡ್ಡನಿಗೆ ಎದುರಾಳಿಯ ಗುರುತ್ವ ಕೇಂದ್ರದ ಕೆಳಗೆ ನುಗ್ಗುವುದು ಸುಲಭ. ಉದ್ದ ಕಾಲಿನವನಿಗೆ ದೂರದಿಂದಲೇ ಎದುರಾಳಿಯ ಕಾಲು ಕೀಳುವುದು ಸುಲಭ. ನಿಯಮ ಒಂದೇ, ಪಟ್ಟು ಬೇರೆ. ಶೈಲಿಗಳು ಬೆಳೆಯುವ ಒಂದು ಬಗೆ ಇದು.

ಹಾಗಾದರೆ ಗಾತ್ರಕ್ಕೆ ಬೆಲೆಯೇ ಇಲ್ಲವೆ? ಖಂಡಿತ ಇದೆ. ಸ್ಪರ್ಧೆಗಳಲ್ಲಿ ತೂಕದ ವಿಭಾಗಗಳಿರುವುದು ಅದಕ್ಕಾಗಿಯೇ. 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ, ತೂಕದ ಮಿತಿಯಿಲ್ಲದ ವಿಭಾಗದಲ್ಲಿ, 198 ಸೆಂ.ಮೀ. ಎತ್ತರದ ಡಚ್ಚರ ಆಂಟನ್ ಗೀಸಿಂಕ್ ಜಪಾನಿನ ಕಾಮಿನಾಗಾ ಅವರನ್ನು ಸೋಲಿಸಿದರು. ಆದರೆ ಅವರು ಬರಿಯ ಗಾತ್ರವನ್ನೇ ನಂಬಿ ಕೂತವರಲ್ಲ. ಜಪಾನಿಗೇ ಹೋಗಿ ಅಭ್ಯಾಸ ಮಾಡಿದ್ದರು. ಗಿಡ್ಡ ಮನುಷ್ಯನೊಬ್ಬ ಕಟ್ಟಿದ ವಿದ್ಯೆ ಆ ದೈತ್ಯ ದೇಹಕ್ಕೂ ಒಗ್ಗಿತ್ತು!

ಮಿತ್ರರೇ, ಗುರುಗಳು ತೋರಿಸಿದ ಪಟ್ಟನ್ನು ಮೊದಲು ತೋರಿಸಿದಂತೆಯೇ ಕಲಿಯಿರಿ. ಅದು ನಿಮಗೆ ಒಗ್ಗದಿದ್ದರೆ, 'ಇದು ನನ್ನಿಂದಾಗದು' ಎಂದು ಕೈಬಿಡಬೇಡಿ. ಅದರ ಹಿಂದಿನ ನಿಯಮವೇನು, ನನ್ನ ಮೈಗೆ ಅದು ಹೇಗೆ ಒಗ್ಗೀತು ಎಂದು ಗುರುಗಳನ್ನು ಕೇಳಿ, ನೀವೂ ಹುಡುಕಿ. ಕಾನೊ ಗ್ರಂಥಾಲಯದ ಮೆಟ್ಟಿಲು ಹತ್ತಿದ್ದು ಗೆದ್ದ ಮೇಲಲ್ಲ, ಸೋತ ಮೇಲೆ.